ಲಿನಕ್ಸ್ ಕರ್ನಲ್‌ನ ಕೇಕ್: ಅಪ್‌ಲೋಡ್ ನಿಧಾನವಿರುವ ಮನೆಗಳಿಗೆ ತಕ್ಕದ್ದು

ಹೊರಗೆ ಹೋಗಬೇಕಾದ ಪ್ಯಾಕೆಟ್‌ಗಳನ್ನು (ಡೇಟಾದ ಸಣ್ಣ ತುಣುಕುಗಳನ್ನು) ಸರದಿಯಲ್ಲಿ ನಿಲ್ಲಿಸಿ, ಯಾವುದನ್ನು ಯಾವಾಗ ಬಿಡಬೇಕೆಂದು ನಿರ್ಧರಿಸುವ ಕೆಲಸವನ್ನು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಕ್ಯೂಡಿಸ್ಕ್ ಎಂಬ ಭಾಗ ನೋಡಿಕೊಳ್ಳುತ್ತದೆ. 2018ರ ಅಕ್ಟೋಬರಿನಲ್ಲಿ ಬಂದ 4.19ನೇ ಆವೃತ್ತಿಯಿಂದ ಕರ್ನಲ್‌ನಲ್ಲೇ ಇರುವ ಕೇಕ್ ಅಂತಹದೊಂದು ಕ್ಯೂಡಿಸ್ಕ್. ಓಪನ್‌ಡಬ್ಲ್ಯೂಆರ್‌ಟಿ ಎಂಬ ಲಿನಕ್ಸ್ ಆಧಾರಿತ ತಂತ್ರಾಂಶ ಹಾಕಿದ ಮನೆಯ ರೂಟರ್‌ನಲ್ಲಿ ಇದನ್ನು ಬಹಳ ಕಾಲದಿಂದ ಬಳಸುತ್ತಿದ್ದೇನೆ. ಅಪ್‌ಲೋಡ್ ವೇಗ ಕಡಿಮೆಯಿರುವ ಸಂಪರ್ಕಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ, ಆದರೆ ಇದು ಎಲ್ಲರಿಗೂ ಬೇಕಾದ ವಸ್ತುವಲ್ಲ.

ಪಿಫಿಫೋ ಫಾಸ್ಟ್ ಎಂಬ ಹಳೆಯ ಕ್ಯೂಡಿಸ್ಕ್‌ನಲ್ಲಿ ಸರದಿಯ ಉದ್ದ ಸಾಮಾನ್ಯವಾಗಿ 1000 ಪ್ಯಾಕೆಟ್. ಒಂದೊಂದೂ 1500 ಬೈಟ್ ಎಂದುಕೊಂಡರೆ ಒಟ್ಟು 12 ಮೆಗಾಬಿಟ್ ಆಗುತ್ತದೆ, 10 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಅದು ಖಾಲಿಯಾಗಲು 1.2 ಸೆಕೆಂಡು ಹಿಡಿಯುತ್ತದೆ. ಒಂದು ಮೊಬೈಲ್ ಫೋಟೊ ಬ್ಯಾಕಪ್ ಶುರು ಮಾಡಿದೊಡನೆ ಪಕ್ಕದ ಕೋಣೆಯ ವಿಡಿಯೊ ಕಾಲ್ ತಡವರಿಸುವುದು ಈ ಕಾರಣಕ್ಕೆ. ಇದನ್ನು ವೇಗದ ಕೊರತೆಯೆಂದು ತಿಳಿದು ದುಬಾರಿ ಪ್ಲಾನ್‌ಗೆ ಹೋಗುವವರು ಬಹಳ ಮಂದಿ.

2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಪ್ರಕಟಿಸಿದ ಕೋಡೆಲ್ ಎಂಬ ವಿಧಾನ, ಸರದಿಯಲ್ಲಿ ಎಷ್ಟು ಪ್ಯಾಕೆಟ್‌ಗಳಿವೆ ಎಂಬುದನ್ನು ಬಿಟ್ಟು ಅವು ಎಷ್ಟು ಹೊತ್ತು ಕಾದವು ಎಂಬುದನ್ನು ಅಳೆಯುತ್ತದೆ. ಕಾಯುವ ಸಮಯ 100 ಮಿಲಿಸೆಕೆಂಡುಗಳ ಉದ್ದಕ್ಕೂ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಪ್ಯಾಕೆಟ್‌ಗಳನ್ನು ಬೀಳಿಸತೊಡಗುತ್ತದೆ. ಅದೇ ವರ್ಷ ಎರಿಕ್ ಡುಮಾಝೆ ಅದಕ್ಕೆ 1024 ಪ್ರತ್ಯೇಕ ಸರದಿಗಳನ್ನು ಜೋಡಿಸಿ ಎಫ್‌ಕ್ಯೂ ಕೋಡೆಲ್ ರೂಪಿಸಿದರು. ಕೇಕ್ ಇದೇ ದಾರಿಯಲ್ಲಿ ಮುಂದೆ ಸಾಗಿ, ವೇಗದ ಮಿತಿ ಹಾಕುವ ಶೇಪರನ್ನೂ ತನ್ನೊಳಗೇ ಸೇರಿಸಿಕೊಂಡಿದೆ. ಮೊದಲು ಎಚ್‌ಟಿಬಿ ಎಂಬ ಇನ್ನೊಂದು ಕ್ಯೂಡಿಸ್ಕ್‌ನಲ್ಲಿ ಕ್ಲಾಸ್‌ಗಳನ್ನೂ ಫಿಲ್ಟರ್‌ಗಳನ್ನೂ ಸಾಲುಸಾಲಾಗಿ ಬರೆದು ಮಾಡುತ್ತಿದ್ದ ಕೆಲಸ ಇಲ್ಲಿ ಒಂದೇ ಸಾಲಿನ ಆದೇಶದಲ್ಲಿ ಮುಗಿಯುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಯಂತ್ರಗಳ ನಡುವಿನ ಹಂಚಿಕೆ. ಒಂದು ಕಂಪ್ಯೂಟರ್ ಟೊರೆಂಟ್‌ಗಾಗಿ ಐವತ್ತು ಸಂಪರ್ಕಗಳನ್ನು ತೆರೆದಿದ್ದರೂ ಒಂದೇ ಸಂಪರ್ಕವಿರುವ ಇನ್ನೊಂದಕ್ಕೆ ಸಮಪಾಲು ಸಿಗುತ್ತದೆ. ಆದರೆ ರೂಟರ್‌ನ ಹೊರಮುಖದಲ್ಲಿ ಎಲ್ಲ ಯಂತ್ರಗಳೂ ಒಂದೇ ಐಪಿ ವಿಳಾಸದಲ್ಲಿ ಕಾಣಿಸುವುದರಿಂದ, ‘ನ್ಯಾಟ್’ ಎಂಬ ಆಯ್ಕೆಯನ್ನು ಸೇರಿಸದಿದ್ದರೆ ಈ ಹಂಚಿಕೆ ನಡೆಯುವುದಿಲ್ಲ, ಮತ್ತು ತಾನಾಗಿ ಅದು ಆಫ್ ಆಗಿಯೇ ಇರುತ್ತದೆ. ಮನೆಯ ರೂಟರನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಸಾಧನದಲ್ಲಿ ಇದು ನನಗೆ ಒಪ್ಪಿಗೆಯಾಗದ ನಿರ್ಧಾರ.

ಶೇಪರ್‌ನ ಮಿತಿಯನ್ನು ಸಂಪರ್ಕದ ನಿಜವಾದ ವೇಗಕ್ಕಿಂತ ಸ್ವಲ್ಪ ಕೆಳಗೆ, ಶೇಕಡಾ 90ರಿಂದ 95ರ ಆಸುಪಾಸಿನಲ್ಲಿ ಇಡಬೇಕು. ಹಾಗಿಟ್ಟರೆ ಮಾತ್ರ ಸರದಿ ಮೋಡೆಮ್‌ನಲ್ಲಿ ಬೆಳೆಯದೆ ನಮ್ಮ ಕೈಯಳತೆಯಲ್ಲಿ ಉಳಿಯುತ್ತದೆ. ಡೌನ್‌ಲೋಡ್‌ಗಾದರೆ ಐಎಫ್‌ಬಿ ಎಂಬ ಕಾಲ್ಪನಿಕ ಇಂಟರ್‌ಫೇಸ್ ಬೇಕು. ಓಪನ್‌ಡಬ್ಲ್ಯೂಆರ್‌ಟಿಯ ಎಸ್‌ಕ್ಯೂಎಂ ಪ್ಯಾಕೇಜ್ ಅದನ್ನು ತಾನೇ ಹೊಂದಿಸುತ್ತದೆ.

ಕ್ಯೂಡಿಸ್ಕ್‌ಗಳನ್ನು ಹೊಂದಿಸುವ ಟಿಸಿ ಆದೇಶದಿಂದ ಕೇಕ್‌ನ ಅಂಕಿ ಅಂಶಗಳನ್ನು ತೆರೆದರೆ ಬಲ್ಕ್, ಬೆಸ್ಟ್ ಎಫರ್ಟ್, ವಾಯ್ಸ್ ಎಂಬ ಮೂರು ಆದ್ಯತೆಯ ದರ್ಜೆಗಳ ಕಾಲಂಗಳು ಕಾಣುತ್ತವೆ. ಒಂದೊಂದರ ಕೆಳಗೂ ಗರಿಷ್ಠ ಮತ್ತು ಸರಾಸರಿ ವಿಳಂಬ, ಬಿದ್ದ ಪ್ಯಾಕೆಟ್‌ಗಳ ಸಂಖ್ಯೆ ಇರುತ್ತವೆ. ನನ್ನ ರೂಟರ್‌ನಲ್ಲಿ ವಾಯ್ಸ್ ಕಾಲಂ ಬಹುಪಾಲು ಖಾಲಿ. ಹೆಚ್ಚಿನ ಆ್ಯಪ್‌ಗಳು ಪ್ಯಾಕೆಟ್‌ಗೆ ಆದ್ಯತೆಯ ಗುರುತನ್ನೇ ಹಾಕುವುದಿಲ್ಲ, ಹಾಗಿದ್ದರೂ ಕರೆಗಳು ಸರಾಗವಾಗಿ ನಡೆಯುತ್ತವೆ.

ಇದಕ್ಕೆ ತೆರಬೇಕಾದ ಬೆಲೆ ಸಿಪಿಯು. ಹಾರ್ಡ್‌ವೇರ್ ಆಫ್‌ಲೋಡ್ (ಪ್ಯಾಕೆಟ್‌ಗಳನ್ನು ಸಿಪಿಯು ಬದಲು ಬೇರೆ ಯಂತ್ರಾಂಶಕ್ಕೆ ಒಪ್ಪಿಸುವ ಸೌಲಭ್ಯ) ಆನ್ ಇದ್ದರೆ ಪ್ಯಾಕೆಟ್‌ಗಳು ಕ್ಯೂಡಿಸ್ಕನ್ನು ಮುಟ್ಟದೆಯೇ ದಾಟಿಹೋಗುತ್ತವೆ, ಆದ್ದರಿಂದ ಅದನ್ನು ಆಫ್ ಮಾಡಲೇಬೇಕು. ಆಫ್ ಮಾಡಿದ ಮೇಲೆ ಮಿಪ್ಸ್ ಪ್ರೊಸೆಸರಿನ ಅಗ್ಗದ ರೂಟರ್‌ಗಳು ಹೆಚ್ಚಿನ ವೇಗದಲ್ಲಿ ಏದುಸಿರು ಬಿಡುತ್ತವೆ. ಎರಡೂ ದಿಕ್ಕಿನಲ್ಲಿ ಗಿಗಾಬಿಟ್ ಫೈಬರ್ ಇರುವವರು ಎಫ್‌ಕ್ಯೂ ಕೋಡೆಲ್‌ನಲ್ಲೇ ಇರುವುದು ಲೇಸು. 4ಜಿ, 5ಜಿ ಸಂಪರ್ಕದವರಿಗೂ ನಾನು ಇದನ್ನು ಸುಲಭವಾಗಿ ಶಿಫಾರಸು ಮಾಡಲಾರೆ, ಏಕೆಂದರೆ ಅಲ್ಲಿ ವೇಗವೇ ಗಳಿಗೆಗೊಂದರಂತೆ ಬದಲಾಗುವಾಗ ಒಂದೇ ಸಂಖ್ಯೆಯನ್ನು ಕಟ್ಟಿಟ್ಟರೆ, ಅದು ಒಮ್ಮೆ ವೇಗವನ್ನು ಹಾಳುಮಾಡುತ್ತದೆ, ಇನ್ನೊಮ್ಮೆ ವಿಳಂಬವನ್ನು ತಡೆಯುವುದೇ ಇಲ್ಲ.