ಒಂದೇ ಮಗುವಿನ ಜೊತೆ ಕೂರಬೇಕಾ, ಗುಂಪಿಗೆ ಓದಿಸಬೇಕಾ?

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಓದು ಕಲಿಸಲು ಸ್ವಯಂಸೇವಕರಾಗಿ ಹೊರಟವರ ಮುಂದೆ ಸಾಮಾನ್ಯವಾಗಿ ಈ ಎರಡು ದಾರಿ ಇರುತ್ತವೆ.

ಒಂದೇ ಮಗುವಿನ ಪಕ್ಕ ಕೂತರೆ ಅದು ಎಲ್ಲಿ ತಡವರಿಸುತ್ತದೆ ಅನ್ನೋದು ಚೆನ್ನಾಗಿ ಗೊತ್ತಾಗುತ್ತದೆ. ಕೆಲವು ಮಕ್ಕಳು ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಾರೆ. ಕೆಲವರು ಪದಗಳನ್ನು ಸರಿಯಾಗಿ ಓದಿದರೂ ಸಾಲಿನ ಅರ್ಥ ಹಿಡಿಯುವುದಿಲ್ಲ. ಇಬ್ಬರಿಗೂ ಬೇಕಾದ ಸಹಾಯ ಬೇರೆ ಬೇರೆ. ಮಗು ತಡೆದು ನಿಂತಾಗ ತಕ್ಷಣ ಹೇಳಿಕೊಡದೆ 4-5 ಸೆಕೆಂಡು ಕಾಯಬಹುದು. ಎಷ್ಟೋ ಸಲ ಅದೇ ತಿದ್ದಿಕೊಳ್ಳುತ್ತದೆ. ಗುಂಪಿನಲ್ಲಿ ಹೀಗೆ ಕಾಯುವುದು ಕಷ್ಟ, ಪಕ್ಕದ ಮಗು ಉತ್ತರ ಕೂಗಿಬಿಡುತ್ತದೆ ಅಲ್ವಾ? ನೀವಿಬ್ಬರೇ ಕೂತಾಗ ನಾಚಿಕೆಯ ಮಕ್ಕಳಿಗಂತೂ ತಪ್ಪು ಓದಿದರೆ ಯಾರಾದರೂ ನಗುತ್ತಾರೆ ಅನ್ನೋ ಭಯ ಇರುವುದಿಲ್ಲ. ಆದರೆ ನೀವು ಬಾರದ ದಿನ ಆ ಮಗು ಸುಮ್ನೆ ಕಾದು ಕೂರಬೇಕಾಗುತ್ತದೆ.

ಗುಂಪಿನಲ್ಲಿ ಜಾಸ್ತಿ ಮಕ್ಕಳಿಗೆ ನಿಮ್ಮ ಸಮಯ ಸಿಗುತ್ತದೆ. ಕಥೆಯನ್ನು ಗಟ್ಟಿಯಾಗಿ ಓದಿ, "ಮುಂದೇನಾಗಬಹುದು?" ಅಂತ ಮಾತಾಡಿಸಲು ಗುಂಪೇ ಚೆಂದ. ನಾಲ್ಕೈದು ಮಕ್ಕಳಿದ್ದರೆ ಸಾಕು. ತರಗತಿ ನೋಡಿ ಕೂಡಿಸಬೇಡಿ, ಓದುವ ಮಟ್ಟ ನೋಡಿ ಕೂಡಿಸಿ.

ಅಕ್ಷರ ಕೂಡಿಸಲು ಇನ್ನೂ ಒದ್ದಾಡುವ ಮಗುವಿಗೆ ಪಕ್ಕದಲ್ಲಿ ಒಬ್ಬರು ಕೂರಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಓದಲು ಬಂದರೂ ಪುಸ್ತಕ ಮುಟ್ಟದ ಮಕ್ಕಳಿಗೆ ಗುಂಪು ಒಳ್ಳೆಯದು. ಪ್ರತಿ ವಾರ ತಪ್ಪದೆ ಬರಲು ಆಗದವರು ಇನ್ನೊಬ್ಬ ಸ್ವಯಂಸೇವಕರ ಜೊತೆ ಸೇರಿ ಗುಂಪು ನೋಡಿಕೊಳ್ಳಿ. ಆರಿಸುವ ಮೊದಲು ತರಗತಿಯ ಶಿಕ್ಷಕರನ್ನು ಕೇಳಿ. ಯಾವ ಮಗುವಿಗೆ ಏನು ಬೇಕು ಅಂತ ಅವರು ದಿನವೂ ನೋಡುತ್ತಿರುತ್ತಾರೆ.