ಬೆಳ್ಳಿ ನೀರು, ಉಪ್ಪು ನೀರು, ಬೆಳ್ಳಿ ಮುಲಾಮು: ಯಾವುದು ಯಾವುದಕ್ಕೆ?

ಗಂಟಲು ನೋವು, ಸುಟ್ಟ ಗಾಯ, ಕುಡಿಯುವ ನೀರು. ಮೂರಕ್ಕೂ ಒಂದೇ ಮದ್ದು ಅಂತ ಕೊಲಾಯ್ಡಲ್ ಸಿಲ್ವರ್, ಅಂದರೆ ಬೆಳ್ಳಿಯ ಅತಿ ಸಣ್ಣ ಕಣಗಳು ಬೆರೆತ ನೀರಿನ ಹೆಸರು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ನಮ್ಮ ಭಾವ ಅದನ್ನು ಮನೆಯಲ್ಲೇ ಮಾಡುತ್ತಾರೆ. ನಾನೂ ಪಕ್ಕದಲ್ಲಿ ಕೂತು ಮಾಡಿದೆ. ಆಮೇಲೆ ನಾವು ಮಾಮೂಲಾಗಿ ಬಳಸುವುದರ ಜೊತೆ ಹೋಲಿಸಿ ನೋಡಿದೆ. ಆದರೆ ಒಂದು ಹನಿಯನ್ನೂ ನುಂಗಲಿಲ್ಲ.

ಮಾಡುವುದು ತುಂಬಾ ಸುಲಭ. 9 ವೋಲ್ಟಿನ ಮೂರು ಬ್ಯಾಟರಿ ಸಾಲಾಗಿ ಜೋಡಿಸಿದರೆ 27 ವೋಲ್ಟ್. ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಬೆಳ್ಳಿ ತಂತಿ ಇಳಿಬಿಟ್ಟರೆ ಆಯಿತು. ಸ್ವಲ್ಪ ಹೊತ್ತಿಗೆ ತಂತಿಯಿಂದ ಬೂದು ಬಣ್ಣದ ಹೊಗೆಯಂಥ ಎಳೆ ನೀರೊಳಗೆ ಇಳಿಯುತ್ತದೆ. ತಂತಿ ಕಪ್ಪಗಾಗುತ್ತದೆ, ಒರೆಸಿ ಮತ್ತೆ ಇಡಬೇಕು. ಲೇಸರ್ ಲೈಟ್ ಹಾಯಿಸಿದರೆ ನೀರಿನಲ್ಲಿ ಬೆಳಕಿನ ಗೆರೆ ಕಾಣುತ್ತದೆ, ಒಳಗೆ ಕಣಗಳಿವೆ ಅನ್ನುವುದಕ್ಕೆ ಅದೇ ಗುರುತು. ಅದೇ ಪ್ರಯೋಗವನ್ನು ಬೋರ್‌ವೆಲ್ ನೀರಿನಲ್ಲಿ ಮಾಡಿದರೆ ಬಿಳಿ ಮಡ್ಡಿ ಕಟ್ಟಿತು. ನೀರಿನಲ್ಲಿರುವ ಕ್ಲೋರೈಡ್ ಜೊತೆ ಬೆಳ್ಳಿ ಸೇರಿದರೆ ಆಗುವುದು ಅದೇ. ಹೊಟ್ಟೆಯಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್ ಅಲ್ವಾ? ಅಲ್ಲೂ ಇದೇ ಕಥೆ.

ನೀರಿಗೆ ಎಷ್ಟು ಬೆಳ್ಳಿ ಬಿಟ್ಟುಕೊಂಡಿತು ಅಂತ ಮನೆಯಲ್ಲಿ ತಿಳಿಯುವ ದಾರಿಯೇ ಇಲ್ಲ. ಭಾವ ಟಿಡಿಎಸ್ ಮೀಟರ್ ಅದ್ದಿ ನೋಡುತ್ತಾರೆ. ಆ ಮೀಟರ್ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನು. ಬೆಳ್ಳಿಯ ಕಣ ಅದಕ್ಕೆ ಸಿಗುವುದಿಲ್ಲ. ಹಳೇ ಕಾಲ್ಗೆಜ್ಜೆ ಹಾಕಿ ಮಾಡುವವರೂ ಇದ್ದಾರಂತೆ. ದಯವಿಟ್ಟು ಬೇಡ, ಆಭರಣದ ಬೆಳ್ಳಿಯಲ್ಲಿ ತಾಮ್ರವೂ ಬೆರೆತಿರುತ್ತದೆ.

ಗಂಟಲು ಕೆಟ್ಟಾಗ ಬೆಳ್ಳಿ ನೀರು, ಉಪ್ಪು ನೀರು ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಬಾಯಿಗೆ ಹಾಕಿ, ಮುಕ್ಕಳಿಸಿ ಉಗುಳಿದೆ. ಬೆಳ್ಳಿ ನೀರಿನಿಂದ ನಾಲಿಗೆ ಮೇಲೆ ಲೋಹದ ರುಚಿ ಉಳಿಯಿತು, ನೋವು ಹಾಗೇ ಇತ್ತು. ಬಿಸಿನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಗಾರ್ಗಲ್ ಮಾಡಿದರೆ ನುಂಗುವಾಗಿನ ಉರಿ ಸ್ವಲ್ಪ ಹೊತ್ತು ಕಡಿಮೆ ಆಗುತ್ತಿತ್ತು. ಅದೇನೂ ಕಾಯಿಲೆ ವಾಸಿ ಮಾಡುವುದಿಲ್ಲ. ನೆಗಡಿ, ಗಂಟಲು ನೋವು ಹೆಚ್ಚಾಗಿ ತಾವಾಗಿಯೇ ಹೋಗುತ್ತವೆ. ಆ ದಿನಗಳಲ್ಲಿ ಏನು ಕುಡಿದಿರುತ್ತೇವೋ ಅದಕ್ಕೆ ಒಳ್ಳೇ ಹೆಸರು ಬಂದುಬಿಡುತ್ತದೆ.

ಸುಟ್ಟ ಗಾಯದ ವಿಷಯದಲ್ಲಿ ಬೆಳ್ಳಿಗೆ ನಿಜವಾದ ಜಾಗ ಇದೆ. ವಡೆ ಕರಿಯುವಾಗ ಎಣ್ಣೆ ಸಿಡಿದು ಮುಂಗೈ ಸುಟ್ಟಿತ್ತು. ಭಾವ ಬಾಟಲಿ ಹಿಡಿದು ಬಂದರು. ನಾನು ನಲ್ಲಿ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿದೆ, ಬೇರೆ ಏನೂ ಹಚ್ಚಲಿಲ್ಲ. ಬೊಕ್ಕೆ ಎದ್ದ ಕಡೆಗೆ ಡಾಕ್ಟರ್ ಸಿಲ್ವರ್ ಸಲ್ಫಾಡಯಜೀನ್ ಮುಲಾಮು ಬರೆದುಕೊಟ್ಟರು. ಅದರಲ್ಲಿ ಆ ಬೆಳ್ಳಿ ಔಷಧಿ ಎಷ್ಟಿದೆ ಅಂತ ಟ್ಯೂಬ್ ಮೇಲೇ ಇರುತ್ತದೆ, ಹಚ್ಚುವುದು ಗಾಯದ ಮೇಲೆ ಮಾತ್ರ. ಆದರೂ ಸಲ್ಫಾ ಗುಂಪಿನ ಔಷಧಿಗಳ ಅಲರ್ಜಿ ಇದ್ದವರಿಗೆ ಅದು ಆಗದು, ಸಣ್ಣ ಗಾಯಕ್ಕೆ ಅದರ ಅಗತ್ಯವೂ ಇಲ್ಲ. ಕೇಳದೆ ಹಚ್ಚಬೇಡಿ.

ಇನ್ನು ನೀರು. ಫಿಲ್ಟರ್‌ನೊಳಗಿನ ಇದ್ದಿಲಿಗೆ ಬೆಳ್ಳಿ ಸೇರಿಸುವುದುಂಟು, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯದಿರಲಿ ಅಂತ. 2009ರಲ್ಲಿ ಬಂದ ಟಾಟಾ ಸ್ವಚ್ಛ್ ಅನ್ನುವ ಫಿಲ್ಟರ್‌ನಲ್ಲಿ ಭತ್ತದ ಹೊಟ್ಟಿನ ಬೂದಿಗೆ ಬೆಳ್ಳಿಯ ಸೂಕ್ಷ್ಮ ಕಣ ಹಾಕಿದ್ದರು. ಹಾಗಾದರೆ ಬೆಳ್ಳಿ ನೀರು ಯಾಕೆ ಬೇಡ?

"ನಿಮ್ಮ ಅಜ್ಜಿ ನಿಂಗೆ ಬೆಳ್ಳಿ ಒಳಲೆಯಲ್ಲೇ ಹಾಲು ಕುಡಿಸಿದ್ದಲ್ವಾ?" ಅಂತ ಭಾವ ಕೇಳಿದರು.

"ಕುಡಿಸಿದ್ದು ಹಾಲು ಭಾವ, ಒಳಲೆಯನ್ನಲ್ಲ," ಅಂದೆ.

ಗಟ್ಟಿ ಬೆಳ್ಳಿ ಪಾತ್ರೆ ಬಿಟ್ಟುಕೊಡುವುದು ಅತಿ ಕಡಿಮೆ. ಬ್ಯಾಟರಿ ಹಚ್ಚಿದರೆ ಅದನ್ನು ಬಲವಂತವಾಗಿ ಕರಗಿಸಿದ ಹಾಗೆ. ಲೀಟರಿಗೆ 0.1 ಮಿಲಿಗ್ರಾಂವರೆಗೆ ಬೆಳ್ಳಿ ಇದ್ದರೆ ನಡೆಯುತ್ತದೆ ಅಂತ ಕುಡಿಯುವ ನೀರಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮಾರುವ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಕಾಣುವ 10 ಪಿಪಿಎಂ ಅಂದರೆ ಲೀಟರಿಗೆ 10 ಮಿಲಿಗ್ರಾಂ, ಅದರ ನೂರು ಪಟ್ಟು. ನೀರಿನ ಬಗ್ಗೆ ಅನುಮಾನ ಬಂದರೆ ನಾನು ಕುದಿಸುತ್ತೇನೆ, ಅಷ್ಟೇ.

ನುಂಗದೇ ಇದ್ದದ್ದು ಆರ್ಜೀರಿಯಾ ಭಯಕ್ಕೆ. ಒಳಗೆ ಹೋದ ಬೆಳ್ಳಿ ಚರ್ಮದಲ್ಲಿ ಕೂರುತ್ತದೆ, ಬಿಸಿಲು ಬಿದ್ದಾಗ ಹಳೇ ಫೋಟೋ ಫಿಲ್ಮ್‌ನ ಹಾಗೆ ಕಪ್ಪಾಗುತ್ತದೆ. ಬಂದ ಬಣ್ಣ ತಾನಾಗಿ ಹೋಗುವುದಿಲ್ಲ. ಅಮೆರಿಕದ ಮೊಂಟಾನಾದಲ್ಲಿ 2002ರಲ್ಲಿ ಸೆನೆಟ್‌ಗೆ ನಿಂತಿದ್ದ ಸ್ಟಾನ್ ಜೋನ್ಸ್ ಅವರ ಮುಖ ನೀಲಿ-ಬೂದಿ ಬಣ್ಣಕ್ಕೆ ತಿರುಗಿತ್ತು. 2000ನೇ ಇಸವಿ ಬಂದರೆ ಕಂಪ್ಯೂಟರ್‌ಗಳು ಕೈಕೊಟ್ಟು ಆ್ಯಂಟಿಬಯಾಟಿಕ್ ಸಿಗದೇ ಹೋಗಬಹುದು ಅಂತ ಹೆದರಿ ಅವರು ಮನೆಯಲ್ಲೇ ಬೆಳ್ಳಿ ನೀರು ಮಾಡಿ ಕುಡಿದಿದ್ದರು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಹೇಳಿತ್ತು: ಕೊಲಾಯ್ಡಲ್ ಸಿಲ್ವರ್ ಔಷಧಿಗಳು ಸುರಕ್ಷಿತ ಅಂತಾಗಲಿ, ಪರಿಣಾಮಕಾರಿ ಅಂತಾಗಲಿ ಒಪ್ಪುವ ಹಾಗಿಲ್ಲ.

ನನಗೆ ಜಾಸ್ತಿ ಚಿಂತೆ ನಮ್ಮ ಅಕ್ಕನದು. ದಿನಾ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಾಳೆ. ಬೆಳ್ಳಿ ನೀರು ಆ ಮಾತ್ರೆಯನ್ನೂ, ಕೆಲವು ಆ್ಯಂಟಿಬಯಾಟಿಕ್‌ಗಳನ್ನೂ ಮೈಗೆ ಸರಿಯಾಗಿ ಸೇರಲು ಬಿಡದೇ ಇರಬಹುದು. ಇದನ್ನು ಕೇಳಿದ ಮೇಲೆ ಭಾವ ಅವಳಿಗೆ ಕೊಡುವುದನ್ನು ನಿಲ್ಲಿಸಿದರು. ತಾವು ಮಾತ್ರ ಇನ್ನೂ ದಿನಕ್ಕೊಂದು ಚಮಚ ಕುಡಿಯುತ್ತಾರೆ. ನಾನೂ ಹೇಳುವುದನ್ನು ಬಿಟ್ಟಿಲ್ಲ.