‘ಫುಲ್ ಹರ್ಬಲ್ ಮೇಡಂ’ ಅಂದವನನ್ನು ನಂಬಿ ನಮ್ಮ ಕೆಂಚನಿಗೆ ವಿಷ ಹಾಕಿದೆ

ಮನೆಯಲ್ಲಿ ಬೆಕ್ಕು ಇದ್ದು, ಜಿರಳೆಗೆ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸುವ ಯೋಚನೆ ಇದ್ದರೆ ದಯವಿಟ್ಟು ಓದಿ. ಹೋದ ತಿಂಗಳು ನಾನು ಮೋಸ ಹೋದೆ. ನಿಜ ಹೇಳಬೇಕೆಂದರೆ 600 ರೂಪಾಯಿ ಉಳಿಸುವ ಆಸೆಗೆ ಬೇಕಂತಲೇ ನಂಬಿದೆ. ಹೊಟ್ಟೆ ಉರಿಯುತ್ತಿರುವುದು ಅದಕ್ಕೇ.

ಮೈಸೂರಿನಲ್ಲಿ ಹಳೇ ಬಾಡಿಗೆ ಮನೆ ನಮ್ಮದು. ರಾತ್ರಿ ಅಡುಗೆಮನೆ ಲೈಟ್ ಹಾಕಿದರೆ ಸಿಂಕಿನ ಕೆಳಗೆ ಜಿರಳೆಗಳ ಜಾತ್ರೆ. ಇಬ್ಬರಿಗೆ ಫೋನ್ ಮಾಡಿದೆ. ಒಬ್ಬರು 1,800 ಹೇಳಿದರು. ಬೆಕ್ಕಿದೆ ಅಂದ ಕೂಡಲೇ, "ಹಾಗಾದ್ರೆ ಸ್ಪ್ರೇ ಬೇಡ, ಸಂದಿಗಳಲ್ಲಿ ಜೆಲ್ ಮಾತ್ರ ಇಡ್ತೀವಿ, ನಿಧಾನಕ್ಕೆ ಕಮ್ಮಿ ಆಗುತ್ತೆ" ಅಂದರು. ಇನ್ನೊಬ್ಬ 1,200 ಅಂದ. ಬೆಕ್ಕಿದೆ ಅಂದರೆ, "ಅಯ್ಯೋ ಮೇಡಂ, ನಮ್ದು ಫುಲ್ ಹರ್ಬಲ್. ವಾಸನೇನೂ ಇಲ್ಲ. ಅರ್ಧ ಗಂಟೆ ಆಚೆ ಬಿಡ್ಬೇಡಿ, ಆಮೇಲೆ ಏನೂ ಆಗಲ್ಲ. ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರುತ್ತೆ." ಬಿಲ್ ಬೇಡ ಅಂದೆ. ಎಂಥಾ ಜಾಣೆ ನಾನು!

ಶನಿವಾರ ಮಧ್ಯಾಹ್ನ ಒಬ್ಬ ಹುಡುಗ ಬಂದ. ಬಚ್ಚಲಲ್ಲಿ ಔಷಧಿ ಕಲಸಿಕೊಂಡ. ಸಿಂಕ್ ಕೆಳಗೆ, ಫ್ರಿಜ್ ಹಿಂದೆ, ಗೋಡೆ ಬುಡಕ್ಕೆಲ್ಲ ಹೊಡೆದ. ವಾಸನೆ ಇಲ್ಲ ಅಂದಿದ್ದರಲ್ಲ, ಸೀಮೆಎಣ್ಣೆ ಥರ ಗಬ್ಬು ನಾತ. ಆಗಲೇ ಅನುಮಾನ ಬರಬೇಕಿತ್ತು. ನಾನೇನು ಮಾಡಿದೆ ಗೊತ್ತಾ? ವಾಸನೆ ಹೋಗಲಿ ಅಂತ ಹಾಲ್ ಪೂರ್ತಿ ಫಿನೈಲ್ ಹಾಕಿ ಒರೆಸಿದೆ. ಫಿನೈಲೂ ಬೆಕ್ಕಿಗೆ ಆಗಿಬರುವುದಿಲ್ಲ ಅಂತ ಗೊತ್ತಾಗಿದ್ದು ಆಮೇಲೆ.

ಅರ್ಧ ಗಂಟೆ ಆದ ಮೇಲೆ ರೂಮಿನ ಬಾಗಿಲು ತೆಗೆದೆ. ಕೆಂಚ ನೇರ ಸಿಂಕಿನ ಕೆಳಗೆ ಹೋಗಿ ಕೂತ. ಅದು ಅವನ ಬೇಟೆ ಜಾಗ. ನೆಲ ಇನ್ನೂ ಒದ್ದೆ ಇತ್ತು. ಬಂದ, ಸೋಫಾ ಮೇಲೆ ಕೂತು ಒಂದೊಂದೇ ಪಾದ ಎತ್ತಿ ನೆಕ್ಕಿಕೊಂಡ. ನಾನು ನೋಡುತ್ತಾ ಕೂತಿದ್ದೆ. ನೋಡುತ್ತಾ ಕೂತಿದ್ದೆ!

ಏಳು ಗಂಟೆ ಹೊತ್ತಿಗೆ ಅವನ ಕಿವಿ ಪಟಪಟ ಅನ್ನತೊಡಗಿತು. ನೊಣ ಕೂತರೆ ಕೊಡವುತ್ತವಲ್ಲ, ಹಾಗೆ, ಆದರೆ ನಿಲ್ಲಲೇ ಇಲ್ಲ. ಆಮೇಲೆ ನೀರಿನಲ್ಲಿ ಕಾಲಿಟ್ಟವನ ಹಾಗೆ ಪಾದ ಕೊಡವಲು ಶುರು. ಬಾಯಿಂದ ಜೊಲ್ಲು. ಎಂಟರ ಹೊತ್ತಿಗೆ ಇಡೀ ಮೈ ನಡುಗುತ್ತಿತ್ತು. ಅತ್ತೆ ಫೋನಿನಲ್ಲಿ "ಹಾಲು ಕುಡಿಸು, ವಿಷ ಇಳಿಯುತ್ತೆ" ಅಂದರು, ಚಮಚದಲ್ಲಿ ಸ್ವಲ್ಪ ಹಾಕಿದೆ. ಅದಕ್ಕೂ ಡಾಕ್ಟರ ಹತ್ತಿರ ಬೈಸಿಕೊಂಡೆ. ಹಾಲು ಇದಕ್ಕೆ ಮದ್ದಲ್ಲವಂತೆ. ನಡುಗುವ ಬೆಕ್ಕಿನ ಬಾಯಿಗೆ ಏನು ಹಾಕಿದರೂ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಏನು ಹೊಡೆಸಿದ್ರಿ?"

"ಹರ್ಬಲ್ ಸರ್."

"ಹರ್ಬಲ್ ಅಂದ್ರೆ ಹೆಸರಲ್ಲಮ್ಮ. ಔಷಧಿ ಹೆಸರೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಪಕ್ಕದಲ್ಲಿ ನಾಯಿ ಹಿಡಿದು ಕೂತಿದ್ದವರು ನನ್ನ ಮುಖವನ್ನೇ ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಯಜಮಾನರು ಮನೆಗೆ ಓಡಿ ಕಸದ ಬುಟ್ಟಿ ಕೆದಕಿದರು. ಆ ಹುಡುಗ ಖಾಲಿ ಬಾಟಲಿ ನಮ್ಮ ಬುಟ್ಟಿಗೇ ಎಸೆದು ಹೋಗಿದ್ದ. ಫೋಟೋ ಬಂತು. ಸೈಪರ್‌ಮೆಥ್ರಿನ್. ಕೀಟನಾಶಕದ ಬಾಟಲಿ ಮೇಲೆ ಬಣ್ಣದ ಗುರುತು ಇರುತ್ತದೆ ನೋಡಿ. ಕೆಂಪು, ಹಳದಿ, ನೀಲಿ, ಹಸಿರು. ಕೆಂಪಿನದು ಎಲ್ಲಕ್ಕಿಂತ ಉಗ್ರ, ಹಸಿರಿನದು ಎಲ್ಲಕ್ಕಿಂತ ಕಮ್ಮಿ. ನಮ್ಮದರ ಮೇಲಿದ್ದದ್ದು ಹಸಿರಂತೂ ಅಲ್ಲ. ಫುಲ್ ಹರ್ಬಲ್ ಅಂತೆ!

ಅಲ್ಲಿಂದಲೇ ಆ ‘ಫುಲ್ ಹರ್ಬಲ್’ ಅಂದವನಿಗೆ ಫೋನ್ ಮಾಡಿದೆ.

"ನಮ್ಮ ಮನೇಲೂ ನಾಯಿ ಇದೆ ಮೇಡಂ, ಏನೂ ಆಗಿಲ್ಲ."

ನಮ್ಮದು ಬೆಕ್ಕು ಕಣಯ್ಯ!

"ಹೊರಗಡೆ ಏನೋ ತಿಂದಿರ್ಬೇಕು."

ಕೆಂಚ ಹೊಸ್ತಿಲು ದಾಟಿ ಎರಡು ವರ್ಷ ಆಯಿತು.

"ಅದು ಸೇವಂತಿಗೆ ಹೂವಿನ ಔಷಧಿ ಮೇಡಂ, ಬೇಕಿದ್ರೆ ಗೂಗಲ್ ಮಾಡಿ."

ಮಾಡಿದೆ. ಸೇವಂತಿಗೆ ಜಾತಿಯ ಒಂದು ಹೂವಿನಿಂದ ಪೈರೆಥ್ರಮ್ ಅನ್ನುವ ಕೀಟನಾಶಕ ತೆಗೆಯುವುದು ನಿಜ. ಸೈಪರ್‌ಮೆಥ್ರಿನ್ ಅದಲ್ಲ, ಅದರ ಗುಣ ನೋಡಿ ಕಾರ್ಖಾನೆಯಲ್ಲಿ ಮಾಡಿದ್ದು, ಬೇಗ ಕರಗಿ ಹೋಗದ ಹಾಗೆ. ಹೂವಿನದೇ ಆಗಿದ್ದರೂ ಏನಂತೆ, ಕಣಗಿಲೆಯೂ ಹೂವೇ ಅಲ್ವಾ?

ಕೊನೆಗೆ ಕೇಳಿದ: "ಬಿಲ್ ಇದೆಯಾ ಮೇಡಂ?"

ಇಲ್ಲ. ಬಿಲ್ ಇಲ್ಲ. ಅವನಿಗೂ ಗೊತ್ತು, ನನಗೂ ಗೊತ್ತು.

ಡಾಕ್ಟರ್ ಹೇಳಿದ್ದು ಇಷ್ಟು. ನಮ್ಮ ಲಿವರು, ನಾಯಿಯ ಲಿವರು ಸುಲಭವಾಗಿ ಅರಗಿಸಿ ಹೊರಹಾಕುವ ಎಷ್ಟೋ ವಿಷವನ್ನು ಬೆಕ್ಕಿನ ಲಿವರು ಹೊರಹಾಕಲಾರದು, ಆ ಶಕ್ತಿಯೇ ಅದಕ್ಕೆ ಕಮ್ಮಿ. ನಾಯಿಯ ಉಣ್ಣೆಹುಳಕ್ಕೆ ಬೆನ್ನ ಮೇಲೆ ಬಿಡುವ, ಇದೇ ಜಾತಿಯ ಪರ್ಮೆಥ್ರಿನ್ ಹನಿಯನ್ನು ಬೆಕ್ಕಿಗೂ ಬಿಟ್ಟು ಇದೇ ನಡುಕದಲ್ಲಿ ಎತ್ತಿಕೊಂಡು ಬರುತ್ತಾರಂತೆ. ಜ್ವರ ಅಂತ ಕೊಡುವ ಪ್ಯಾರಾಸಿಟಮಾಲ್ ಇನ್ನೂ ಕೆಟ್ಟದ್ದು, ಒಂದೇ ಮಾತ್ರೆ ಸಾಕು ಪ್ರಾಣ ಹೋಗಲು. ಬೊಕ್ಕೆಯಲ್ಲಿ ಬರುವ ಲಿಲ್ಲಿ ಹೂವೂ ಅಷ್ಟೇ. ಅದರ ಪುಡಿ ಮೈಗೆ ತಾಗಿ ನೆಕ್ಕಿದರೆ ಸಾಕು, ಹೂದಾನಿಯ ನೀರು ಕುಡಿದರೆ ಸಾಕು, ಕಿಡ್ನಿ ಹೋಗುತ್ತದೆ. ಲಿಲ್ಲಿ ವಿಷಯ ಕೇಳಿ ನನಗೆ ಕೈಕಾಲು ತಣ್ಣಗಾಯಿತು. ಆ್ಯನಿವರ್ಸರಿಗೆ ಬಂದ ಲಿಲ್ಲಿ ಟೀವಿ ಪಕ್ಕದಲ್ಲಿ ನಾಲ್ಕು ದಿನ ಇತ್ತು. ಅದೃಷ್ಟ, ಅಷ್ಟೇ.

ಕೆಂಚನನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದರು. ತಣ್ಣೀರು ಹಾಕಿದರೆ ನಡುಕ ಜಾಸ್ತಿ ಆಗುತ್ತದಂತೆ. ಇಂಜೆಕ್ಷನ್, ಡ್ರಿಪ್, ಎರಡು ರಾತ್ರಿ. 7,400 ರೂಪಾಯಿ. 600 ಉಳಿಸಿದ್ದೆ ನಾನು.

ಕರೆಸುವುದಾದರೆ ಔಷಧಿ ಹೆಸರು ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ, ನಿಮ್ಮ ಡಾಕ್ಟರಿಗೆ ತೋರಿಸಿ. ಹೆಸರು ಹೇಳದವನನ್ನು ಗೇಟಿನಿಂದಲೇ ಕಳಿಸಿ. ಬಾಟಲಿ ಫೋಟೋ ತೆಗೆಯಿರಿ, ಬಿಲ್ ತಗೊಳ್ಳಿ. ಬೆಕ್ಕಿಗೆ ಕಿವಿ ಅದುರಿದರೆ, ಜೊಲ್ಲು ಸುರಿದರೆ ಬೆಳಗಾಗಲಿ ಅಂತ ಕಾಯಬೇಡಿ. ಮತ್ತೆ, ‘ಪೆಟ್ ಸೇಫ್’ ಅಂದರೆ ಯಾವ ಪೆಟ್ ಅಂತ ಕೇಳಿ. ಅವರಿಗೆ ಪೆಟ್ ಅಂದರೆ ನಾಯಿ ಮಾತ್ರ.

ಕೆಂಚ ಈಗ ಊಟ ಮಾಡುತ್ತಿದ್ದಾನೆ. ಅಡುಗೆಮನೆಗೆ ಮಾತ್ರ ಬರುವುದಿಲ್ಲ, ಬಾಗಿಲ ಹತ್ತಿರ ಕೂತು ಕೂಗುತ್ತಾನೆ. ನಿನ್ನೆ ಆ ಪೆಸ್ಟ್ ಕಂಟ್ರೋಲ್‌ನವನಿಂದ ಮೆಸೇಜ್ ಬಂದಿದೆ, ಕೈ ಮುಗಿದಿರುವ ಚಿತ್ರದ ಜೊತೆ: "ಮೇಡಂ, ನಿಮ್ಮ ಸೆಕೆಂಡ್ ಸರ್ವಿಸ್ ಗುರುವಾರ ಇದೆ, ಹುಡುಗನ್ನ ಕಳಿಸ್ಲಾ?"